ಮಗುವಿನ ಮಾತಿಗೆ ನಗು ಬಂದಾಗ ದೊಡ್ಡವರು ಏನು ಮಾಡಬೇಕು?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಅವನ ಮಾತು ಕೇಳಿ ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತೇವೆ. ನಮ್ಮ ಮದುವೆಯ ಫೋಟೊ ನೋಡಿ ‘ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ’ ಎಂದು ಅತ್ತ. ‘ನಾನು ದೊಡ್ಡವನಾದ ಮೇಲೆ ನೀನು ಚಿಕ್ಕವಳಾಗ್ತೀಯಲ್ಲ, ಆಗ ನಿನ್ನನ್ನು ನಾನು ಎತ್ತಿಕೊಳ್ತೀನಿ’ ಎನ್ನುತ್ತಾನೆ. ಆದರೆ ಕಳೆದ ತಿಂಗಳು ಮನೆಗೆ ಬಂದಿದ್ದ ಹಿರಿಯರೊಬ್ಬರಿಗೆ ‘ನೀವು ಯಾವಾಗ ಹೋಗ್ತೀರಿ? ನೀವು ಬಂದರೆ ಬೇಗ ಏಳಲ್ಲ ಅಂತ ಅಮ್ಮ ಹೇಳಿದಳು’ ಎಂದುಬಿಟ್ಟ. ನನಗೆ ತಲೆ ಎತ್ತಲಾಗಲಿಲ್ಲ. ಮನೆಯಲ್ಲಿ ಕೆಲವರು ಇದನ್ನು ಜಾಣತನ ಎನ್ನುತ್ತಾರೆ, ಕೆಲವರು ಅಧಿಕಪ್ರಸಂಗ ಎನ್ನುತ್ತಾರೆ. ಈಚೆಗೆ ನಾವು ನಕ್ಕರೆ ಸಿಟ್ಟಾಗಿ ಅಳುತ್ತಾನೆ. ಕೆಲವೊಮ್ಮೆ ನಗಿಸಲೆಂದೇ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ. ತಪ್ಪು ಮಾತನ್ನು ತಿದ್ದಬೇಕೆ? ನಗಲೇಬಾರದೆ? ಅವನ ಮಾತಿನ ವಿಡಿಯೊಗಳನ್ನು ಬಂಧುಗಳಿಗೆ ಕಳುಹಿಸುತ್ತಿದ್ದೇವೆ, ಅದು ಸರಿಯೆ?

ಉತ್ತರ: ನಿಮ್ಮ ಮಗನ ಮಾತು ಅಧಿಕಪ್ರಸಂಗವಲ್ಲ. ಅದನ್ನು ಅಸಾಮಾನ್ಯ ಜಾಣತನವೆಂದು ಎತ್ತಿ ಆಡಬೇಕಾದ ಅಗತ್ಯವೂ ಇಲ್ಲ. ಈ ವಯಸ್ಸಿನ ಮಗು ತನಗೆ ಗೊತ್ತಿರುವ ಕೆಲವೇ ಸಂಗತಿಗಳನ್ನು ಆಧಾರವಾಗಿಟ್ಟುಕೊಂಡು, ಸಾಕಷ್ಟು ಕ್ರಮವಾಗಿಯೇ ಯೋಚಿಸಿ, ಒಂದು ತೀರ್ಮಾನಕ್ಕೆ ಬಂದಿರುತ್ತದೆ. ಆ ತೀರ್ಮಾನ ತಪ್ಪಾಗುವುದಕ್ಕೆ ಹೆಚ್ಚಿನ ಸಲ ಕಾರಣ ಆಧಾರ ಸಾಲದಿರುವುದೇ ಹೊರತು ಯೋಚನೆ ಇಲ್ಲದಿರುವುದಲ್ಲ. ನಮ್ಮ ಕಿವಿಗೆ ಬೀಳುವುದು ಕೊನೆಯ ತೀರ್ಮಾನ ಮಾತ್ರ. ಅದರ ಹಿಂದಿನ ಯೋಚನೆಯ ಹಾದಿ ಕಾಣದಿರುವುದರಿಂದ ನಮಗೆ ನಗು ಬರುತ್ತದೆ. ಆ ಹಾದಿಯನ್ನು ಹುಡುಕುವ ಅಭ್ಯಾಸವಾದರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಬಹುಪಾಲು ತಾನಾಗಿಯೇ ದೊರೆಯುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮದುವೆಯ ಫೋಟೊವನ್ನೇ ತೆಗೆದುಕೊಳ್ಳಿ. ನಿಮ್ಮ ಮಗನ ನೆನಪಿನಲ್ಲಿರುವ ಪ್ರತಿಯೊಂದು ದಿನದಲ್ಲೂ ಅಮ್ಮ ಇದ್ದಾಳೆ, ಅಪ್ಪ ಇದ್ದಾನೆ, ತಾನೂ ಇದ್ದಾನೆ. ತಾನು ಇಲ್ಲದಿದ್ದಾಗಲೂ ಅಮ್ಮ ಇದ್ದಳು, ಆಗ ಅವಳು ಯಾರ ಅಮ್ಮನೂ ಆಗಿರಲಿಲ್ಲ ಎಂಬ ಸಂಗತಿ ನಾಲ್ಕು ವರ್ಷದ ಬುದ್ಧಿಗೆ ತುಂಬ ದೊಡ್ಡದು. ಫೋಟೊದಲ್ಲಿ ಎಲ್ಲರೂ ಅಲಂಕರಿಸಿಕೊಂಡು ಸಂತೋಷವಾಗಿದ್ದಾರೆ, ತಾನೊಬ್ಬನೇ ಕಾಣುತ್ತಿಲ್ಲ. ಹಾಗಾದರೆ ತನ್ನನ್ನು ಬಿಟ್ಟು ಹೋಗಿದ್ದಾರೆ. ಅವನಿಗೆ ಗೊತ್ತಿದ್ದಷ್ಟರಲ್ಲಿ ಇದಕ್ಕಿಂತ ಸರಿಯಾದ ಅರ್ಥ ಹುಟ್ಟಲಾರದು. ಆದ್ದರಿಂದ ಅವನ ಅಳು ನಿಜವಾದ ದುಃಖದ ಅಳು. ಹಾಗೆಯೇ, ಅವನು ಬೆಳೆದಂತೆ ಬಟ್ಟೆ ಸಾಲದಾದಾಗ ನಾವೇ ‘ನೀನು ದೊಡ್ಡವನಾದೆ, ಅಂಗಿ ಚಿಕ್ಕದಾಯಿತು’ ಎಂದು ಹೇಳುತ್ತಿರುತ್ತೇವೆ. ಅಂಗಿ ನಿಜಕ್ಕೂ ಕುಗ್ಗಲಿಲ್ಲ ಎಂದು ಯಾರೂ ವಿವರಿಸಿರುವುದಿಲ್ಲ. ತಾನು ದೊಡ್ಡವನಾದಾಗ ಅಂಗಿ ಚಿಕ್ಕದಾಗುವುದಾದರೆ ಅಮ್ಮ ಏಕೆ ಚಿಕ್ಕವಳಾಗಬಾರದು? ನಿಮ್ಮ ಮಗ ಈ ದಾರಿಯಲ್ಲೇ ಯೋಚಿಸಿದನೆಂದು ನಾನು ಖಚಿತವಾಗಿ ಹೇಳಲಾರೆ, ಆದರೆ ಇಂಥದೊಂದು ದಾರಿ ಇದ್ದೇ ಇರುತ್ತದೆ. ‘ಹೌದಾ, ನಾನು ಹೇಗೆ ಚಿಕ್ಕವಳಾಗ್ತೀನಿ?’ ಎಂದು ನಗದೆ ಕೇಳಿದರೆ ಅವನೇ ಅದನ್ನು ತೋರಿಸಿಯಾನು. ಅವನು ಆಡಿದ ಮಾತಿನಲ್ಲಿ ನಗುವಿನ ಜೊತೆಗೆ ಇನ್ನೊಂದು ಸಂಗತಿಯೂ ಇದೆ, ಅದನ್ನು ಯಾರೂ ಗಮನಿಸದೆ ಬಿಡಬಾರದೆಂಬುದು ನನ್ನ ಆಸೆ: ನೀವು ಅವನನ್ನು ಎತ್ತಿಕೊಂಡದ್ದಕ್ಕೆ ಪ್ರತಿಯಾಗಿ ಅವನು ನಿಮ್ಮನ್ನು ಎತ್ತಿಕೊಳ್ಳುವ ಮಾತು ಕೊಡುತ್ತಿದ್ದಾನೆ.

ಮಕ್ಕಳ ಇಂಥ ವಿವರಣೆಗಳನ್ನು ಗಂಭೀರವಾಗಿ ಕೇಳಿ ಬರೆದುಕೊಂಡವರಲ್ಲಿ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಮುಖ್ಯರು. 1920ರ ದಶಕದಲ್ಲಿ ಅವರು ಮಕ್ಕಳನ್ನು ಕೂರಿಸಿಕೊಂಡು ಸೂರ್ಯ, ಚಂದ್ರ, ಗಾಳಿ, ಕನಸುಗಳ ಬಗ್ಗೆ ಪ್ರಶ್ನಿಸುತ್ತ ಹೋದರು. ತಾವು ನಡೆದರೆ ಚಂದ್ರನೂ ಜೊತೆಗೆ ಬರುತ್ತಾನೆ, ಮರಗಳು ಅಲ್ಲಾಡುವುದರಿಂದ ಗಾಳಿ ಹುಟ್ಟುತ್ತದೆ ಎಂಬಂಥ ಉತ್ತರಗಳು ಅವರಿಗೆ ದೊರೆತವು. ಎರಡರ ಹಿಂದೆಯೂ ಸರಿಯಾದ ವೀಕ್ಷಣೆಯಿದೆ. ಹತ್ತಿರದ ಮನೆ ಮರಗಳೆಲ್ಲ ಹಿಂದೆ ಸರಿಯುವಾಗ ಚಂದ್ರ ಮಾತ್ರ ಜೊತೆಯಲ್ಲೇ ಇರುವಂತೆ ದೊಡ್ಡವರಿಗೂ ಕಾಣುತ್ತದೆ. ಗಾಳಿ ಬೀಸುವಾಗಲೆಲ್ಲ ಎಲೆಗಳು ಅಲ್ಲಾಡುತ್ತಿರುವುದೂ ನಿಜ. ಮಗು ತಪ್ಪಿದ್ದು ಕಾರಣ ಯಾವುದು, ಪರಿಣಾಮ ಯಾವುದು ಎಂಬಲ್ಲಿ. ಸುಮಾರು ಎರಡರಿಂದ ಏಳು ವರ್ಷದವರೆಗಿನ ಮಕ್ಕಳಿಗೆ ತಮಗೆ ಕಾಣುವುದೇ ಎಲ್ಲರಿಗೂ ಕಾಣುತ್ತದೆ ಎಂಬ ನಂಬಿಕೆ ಬಲವಾಗಿರುತ್ತದೆ ಎಂದು ಪಿಯಾಜೆ ಹೇಳಿದರು. ದೂರವಾಣಿಯಲ್ಲಿ ಅಜ್ಜಿ ‘ಹುಷಾರಾಗಿದ್ದೀಯಾ’ ಎಂದು ಕೇಳಿದರೆ ಮಗು ಬಾಯಿ ಬಿಡದೆ ತಲೆಯಾಡಿಸಿ ಸುಮ್ಮನಾಗುವುದನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಮಕ್ಕಳ ಸಾಮರ್ಥ್ಯವನ್ನು ಪಿಯಾಜೆ ಕಡಿಮೆ ಅಂದಾಜು ಮಾಡಿದರೆಂದು ಅವರ ನಂತರದ ಅನೇಕ ಸಂಶೋಧಕರು ವಾದಿಸಿದ್ದಾರೆ, ಅದರಲ್ಲಿ ಹುರುಳಿದೆ. ಪ್ರಶ್ನೆಯನ್ನು ಸರಳಗೊಳಿಸಿ ಕೇಳಿದರೆ ಅವರು ಹೇಳಿದ ವಯಸ್ಸಿಗಿಂತ ಮೊದಲೇ ಮಕ್ಕಳು ಸರಿಯಾಗಿ ಉತ್ತರಿಸುತ್ತಾರೆ. ಆದರೆ ಮಗುವಿನ ತಪ್ಪು ಉತ್ತರದೊಳಗೆ ಒಂದು ತರ್ಕವಿದೆ ಎಂಬ ಅವರ ಮೂಲ ಮಾತನ್ನು ಯಾರೂ ತಳ್ಳಿಹಾಕಿಲ್ಲ.

‘ನಾಳೆ ನಾವು ಅಜ್ಜಿ ಮನೆಗೆ ಹೋಗಿದ್ವಿ’ ಎಂಬಂತೆ ಕಾಲ ಬೆರೆತುಹೋಗುವ ಮಾತುಗಳೂ ಇದೇ ಜಾತಿಯವು. ನೆನ್ನೆ, ನಾಳೆ ಎಂಬ ಪದಗಳು ‘ಇವತ್ತಲ್ಲ’ ಎಂಬುದನ್ನು ಸೂಚಿಸುತ್ತವೆ ಎಂದು ಮಗು ಮೊದಲು ಕಲಿಯುತ್ತದೆ. ಯಾವ ಕಡೆಗೆ ಎಂಬುದು ನಿಧಾನವಾಗಿ ತಿಳಿಯುತ್ತದೆ. ಇದಕ್ಕೆ ಚಿಂತೆ ಬೇಡ.

ಇನ್ನು ವ್ಯಾಕರಣದ ತಪ್ಪುಗಳು. ನನ್ನ ದೃಷ್ಟಿಯಲ್ಲಿ ಮಕ್ಕಳ ಮಾತಿನಲ್ಲಿ ಇವಕ್ಕಿಂತ ಮೆಚ್ಚಬೇಕಾದದ್ದು ಮತ್ತೊಂದಿಲ್ಲ. ‘ನಾನು ಬೀಳಿದೆ’, ‘ನಾನೇ ಕೊಡಿದೆ’, ‘ನಾನು ಆಗಲೇ ಏಳಿದೆ’ ಎನ್ನುವ ಮಗುವಿನ ಮಾತಿಗೆ ನಾವು ನಗುತ್ತೇವೆ. ಆದರೆ ಹೇಳು ಎಂಬುದು ಹೇಳಿದೆ ಆಗುತ್ತದೆ, ಕೇಳು ಎಂಬುದು ಕೇಳಿದೆ ಆಗುತ್ತದೆ, ಹಾಡು ಎಂಬುದು ಹಾಡಿದೆ ಆಗುತ್ತದೆ. ಹಾಗಿದ್ದ ಮೇಲೆ ಬೀಳು ಎಂಬುದು ಬೀಳಿದೆ ಆಗಬೇಕು, ಕೊಡು ಎಂಬುದು ಕೊಡಿದೆ ಆಗಬೇಕು. ಬಿದ್ದೆ, ಕೊಟ್ಟೆ, ಎದ್ದೆ ಎಂಬ ರೂಪಗಳು ಯಾವ ನಿಯಮಕ್ಕೂ ಸುಲಭವಾಗಿ ಸಿಗುವುದಿಲ್ಲ, ಅವನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕು. ‘ಬೀಳಿದೆ’ ಎಂಬ ಮಾತನ್ನು ಮನೆಯಲ್ಲಿ ಯಾವ ದೊಡ್ಡವರೂ ಆಡಿರುವುದಿಲ್ಲ, ಆದ್ದರಿಂದ ಮಗು ಅದನ್ನು ಕೇಳಿ ಕಲಿತಿರಲಾರದು. ಯಾರೂ ಹೇಳಿಕೊಡದ ನಿಯಮವನ್ನು ತಾನೇ ಕಂಡುಕೊಂಡು ಪ್ರಯೋಗಿಸಿದೆ ಎಂಬುದಕ್ಕೆ ಈ ತಪ್ಪೇ ಸಾಕ್ಷಿ. ಅಮೆರಿಕದ ಭಾಷಾಮನೋವಿಜ್ಞಾನಿ ಜೀನ್ ಬರ್ಕೊ 1958ರಲ್ಲಿ ಇದನ್ನು ಒಂದು ಸರಳ ಪ್ರಯೋಗದಿಂದ ತೋರಿಸಿದರು. ಹಕ್ಕಿಯಂಥ ಒಂದು ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ ಅದಕ್ಕೆ ‘ವಗ್’ ಎಂಬ ಅರ್ಥವಿಲ್ಲದ ಹೆಸರಿಟ್ಟು, ಆಮೇಲೆ ಅಂಥ ಎರಡು ಪ್ರಾಣಿಗಳನ್ನು ತೋರಿಸಿದಾಗ, ಆ ಪದವನ್ನು ಹಿಂದೆಂದೂ ಕೇಳಿರದ ಪುಟ್ಟ ಮಕ್ಕಳು ಅದರ ಬಹುವಚನವನ್ನು ಇಂಗ್ಲಿಷಿನ ನಿಯಮಕ್ಕೆ ತಕ್ಕಂತೆ ತಾವೇ ರಚಿಸಿ ಹೇಳಿದರು.

ಆದ್ದರಿಂದ ‘ಬೀಳಿದೆ ಅಲ್ಲ, ಬಿದ್ದೆ ಅನ್ನು’ ಎಂದು ಮಗುವನ್ನು ತಡೆದು ನಿಲ್ಲಿಸಬೇಕಾಗಿಲ್ಲ. ‘ಅಯ್ಯೋ, ಬಿದ್ದೆಯಾ? ಎಲ್ಲಿ ಬಿದ್ದೆ?’ ಎಂದು ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲೇ ಸೇರಿಸಿ ಮಾತು ಮುಂದುವರಿಸಿದರೆ ಸಾಕು. ಮಗು ಬಿದ್ದು ಬಂದು ಹೇಳುತ್ತಿರುವಾಗ ಅದರ ಗಮನ ನೋವಿನ ಮೇಲಿರುತ್ತದೆ, ಕ್ರಿಯಾಪದದ ಮೇಲಲ್ಲ. ರೋಜರ್ ಬ್ರೌನ್ ಮತ್ತು ಕ್ಯಾಮಿಲ್ ಹ್ಯಾನ್ಲನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿಗಳು ಮಕ್ಕಳ ಮಾತನ್ನು ಒಪ್ಪುವುದೋ ತಿದ್ದುವುದೋ ಹೆಚ್ಚಾಗಿ ಆ ಮಾತು ನಿಜವೇ ಸುಳ್ಳೇ ಎಂಬುದನ್ನು ನೋಡಿಯೇ ಹೊರತು ವ್ಯಾಕರಣ ನೋಡಿ ಅಲ್ಲ ಎಂದು ಕಂಡುಬಂತು. ಆ ಮಕ್ಕಳು ವ್ಯಾಕರಣವನ್ನು ಕಲಿಯದೆ ಉಳಿಯಲಿಲ್ಲ.

ಉಚ್ಚಾರದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಮಗು ತೊದಲಿದಂತೆಯೇ ತೊದಲಿ ತೋರಿಸುವ ರೂಢಿ ಅನೇಕ ಮನೆಗಳಲ್ಲಿದೆ, ಅದನ್ನು ಬಿಡುವುದು ಒಳ್ಳೆಯದು. ಇದೇ ಬರ್ಕೊ ಮತ್ತು ಬ್ರೌನ್ 1960ರಲ್ಲಿ ಒಂದು ಮಗುವಿನ ಪ್ರಸಂಗವನ್ನು ದಾಖಲಿಸಿದ್ದಾರೆ. ಆ ಮಗು ಗಾಳಿ ತುಂಬಿದ ತನ್ನ ಪ್ಲಾಸ್ಟಿಕ್ ಮೀನಿಗೆ ‘ಫಿಶ್’ ಎನ್ನಲು ಹೋಗಿ ‘ಫಿಸ್’ ಎನ್ನುತ್ತಿತ್ತು. ದೊಡ್ಡವರು ‘ಇದು ನಿನ್ನ ಫಿಸ್ಸಾ?’ ಎಂದು ಅದರಂತೆಯೇ ಕೇಳಿದರೆ ಅಲ್ಲವೆಂದು ತಿರಸ್ಕರಿಸುತ್ತಿತ್ತು; ‘ಫಿಶ್ಶಾ?’ ಎಂದು ಸರಿಯಾಗಿ ಕೇಳಿದಾಗ ಹೌದೆಂದು ಒಪ್ಪಿ ಮತ್ತೆ ‘ಫಿಸ್’ ಎನ್ನುತ್ತಿತ್ತು. ಮಗುವಿನ ಕಿವಿ ಅದರ ನಾಲಿಗೆಗಿಂತ ಬಹಳ ಮುಂದೆ ಇರುತ್ತದೆ. ನಾವು ತೊದಲಿ ತೋರಿಸಿದಾಗ ಅದಕ್ಕೆ ಅಣಕವೆಂದು ತಿಳಿಯುತ್ತದೆ, ಆದರೆ ಸರಿಪಡಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನಿಮ್ಮ ಮಗನ ಸಿಟ್ಟಿಗೆ ಇದೂ ಒಂದು ಕಾರಣವಾಗಿರಬಹುದೆ ಎಂದು ಪರೀಕ್ಷಿಸಿ ನೋಡಿ.

ನುಡಿಗಟ್ಟುಗಳನ್ನು ಮಕ್ಕಳು ಅಕ್ಷರಶಃ ತೆಗೆದುಕೊಳ್ಳುವುದರಿಂದ ಹುಟ್ಟುವ ನಗೆಯೂ ಬಹಳ. ‘ನನ್ನ ತಲೆ ತಿನ್ನಬೇಡ’ ಎಂದು ಗದರಿದರೆ ‘ನಾನು ತಿಂದಿಲ್ಲ, ತಲೆ ಅಲ್ಲೇ ಇದೆಯಲ್ಲ’ ಎನ್ನುವ ಮಗು, ಬೆಳಗ್ಗೆ ‘ಏಳು, ಏಳು’ ಎಂದು ಎಬ್ಬಿಸಿದರೆ ಕಣ್ಣು ಬಿಡದೆಯೇ ‘ಎಂಟು, ಒಂಬತ್ತು’ ಎಂದು ಎಣಿಸುವ ಮಗು, ‘ಅವಳಿಗೆ ಹೊಟ್ಟೆಕಿಚ್ಚು’ ಎಂಬ ಮಾತು ಕೇಳಿ ನೀರು ಕುಡಿಸೋಣ ಎನ್ನುವ ಮಗು, ಇವರೆಲ್ಲ ತಮಗೆ ಗೊತ್ತಿರುವ ಪದಗಳನ್ನು ಗೊತ್ತಿರುವ ಅರ್ಥದಲ್ಲೇ ಕೂಡಿಸಿ ನೋಡಿದ್ದಾರೆ. ಪದಗಳ ಮೊತ್ತವೇ ಅರ್ಥವಲ್ಲದ ಮಾತುಗಳೂ ಇರುತ್ತವೆ ಎಂಬ ತಿಳಿವಳಿಕೆ ಶಾಲೆಯ ವರ್ಷಗಳಲ್ಲಿ ಕ್ರಮೇಣ ಗಟ್ಟಿಯಾಗುತ್ತದೆ. ಸಿಟ್ಟಿನಲ್ಲಿರುವ ದೊಡ್ಡವರಿಗೆ ಇಂಥ ಉತ್ತರ ಎದುರುತ್ತರದಂತೆ ಕೇಳಿಸುವುದುಂಟು. ಆದ್ದರಿಂದ ಮಗುವನ್ನು ಗದರಿಸುವಾಗಲಾದರೂ ನೇರವಾದ ಮಾತು ಬಳಸುವುದು ಮೇಲು: ‘ನನಗೆ ಆಯಾಸವಾಗಿದೆ, ಸ್ವಲ್ಪ ಹೊತ್ತು ಪ್ರಶ್ನೆ ಕೇಳಬೇಡ.’

ಈಗ ನಿಮ್ಮನ್ನು ನೋಯಿಸಿದ ಘಟನೆಗೆ ಬರುತ್ತೇನೆ. ಅತಿಥಿಯ ಮುಂದೆ ನಿಮ್ಮ ಮಗ ಸುಳ್ಳು ಹೇಳಲಿಲ್ಲ, ಚಾಡಿಯನ್ನೂ ಹೇಳಲಿಲ್ಲ. ತನಗೆ ತಿಳಿದ ಒಂದು ಸಂಗತಿಯನ್ನು ಸಂಬಂಧಪಟ್ಟವರಿಗೆ ತಿಳಿಸಿದ. ‘ಅಮ್ಮ ಹೀಗೆ ಹೇಳಿದ್ದು ಇವರಿಗೆ ಗೊತ್ತಿಲ್ಲ, ಗೊತ್ತಾದರೆ ಇವರಿಗೆ ಬೇಸರವಾಗುತ್ತದೆ, ಇವರಿಗೆ ಬೇಸರವಾದರೆ ಅಮ್ಮನಿಗೆ ನಾಚಿಕೆಯಾಗುತ್ತದೆ’ ಎಂದು ಇಬ್ಬರ ಮನಸ್ಸನ್ನು ಒಟ್ಟಿಗೆ ಹಿಡಿದಿಟ್ಟುಕೊಂಡು ಯೋಚಿಸಿದರೆ ಮಾತ್ರ ಆ ಮಾತನ್ನು ತಡೆಯಲು ಸಾಧ್ಯ. ಇದು ನಾಲ್ಕು ವರ್ಷದವನಿಗೆ ಎಷ್ಟು ಕಷ್ಟವೆಂಬುದನ್ನು ಹೈನ್ಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಊಹಿಸಬಹುದು. ಹುಡುಗನೊಬ್ಬ ತನ್ನ ವಸ್ತುವನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ, ಅವನಿಲ್ಲದಾಗ ತಾಯಿ ಅದನ್ನು ಬೇರೆ ಕಪಾಟಿಗೆ ಬದಲಿಸುತ್ತಾಳೆ. ಹಿಂದಿರುಗಿದ ಹುಡುಗ ಎಲ್ಲಿ ಹುಡುಕುತ್ತಾನೆ ಎಂದು ಕೇಳಿದರೆ ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ವಸ್ತು ಈಗ ಇರುವ ಜಾಗವನ್ನೇ ತೋರಿಸುತ್ತಾರೆ. ಹುಡುಗನಿಗೆ ಆ ಬದಲಾವಣೆ ಗೊತ್ತಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಶಕ್ತಿ ನಾಲ್ಕೈದು ವರ್ಷದ ಹೊತ್ತಿಗೆ ಬರುತ್ತದೆ. ಒಬ್ಬನ ಮನಸ್ಸಿನ ಬಗ್ಗೆ ಊಹಿಸುವುದೇ ಈ ವಯಸ್ಸಿನ ಹೊಸ ಸಾಹಸವಾಗಿರುವಾಗ, ಇಬ್ಬರದನ್ನು ಒಟ್ಟಿಗೆ ಊಹಿಸಿ ನಾಲಿಗೆಯನ್ನೂ ತಡೆಯಬೇಕೆಂದು ಬಯಸುವುದು ನ್ಯಾಯವಲ್ಲ.

ಹಾಗೆಂದು ಮಕ್ಕಳಿಗೆ ದಾಕ್ಷಿಣ್ಯವೇ ತಿಳಿಯದು ಎನ್ನಲಾಗದು. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಗಿನ ಮೇಲೆ ಎದ್ದು ಕಾಣುವ ಗುರುತಿದ್ದ ವ್ಯಕ್ತಿಯೊಬ್ಬರು ಫೋಟೊ ತೆಗೆಸಿಕೊಳ್ಳುವ ಮುನ್ನ ‘ನಾನು ಸರಿಯಾಗಿ ಕಾಣುತ್ತಿದ್ದೇನೆಯೆ’ ಎಂದು ಕೇಳಿದಾಗ, ಮೂರರಿಂದ ಏಳು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಹೌದೆಂದೇ ಹೇಳಿದರು. ಎದುರಿಗೆ ಹಾಗೆ ಹೇಳಬಾರದು ಎಂಬ ಸರಳ ಪಾಠವನ್ನು ಅವರು ಬೇಗ ಕಲಿಯುತ್ತಾರೆ. ಆದರೆ ಮನೆಯೊಳಗೆ ಆಡಿದ ಯಾವ ಮಾತನ್ನು ಹೊರಗೆ ಆಡಬಾರದು ಎಂಬುದು ಬೇರೆಯೇ ಪಾಠ. ಅದಕ್ಕೆ ಸ್ಪಷ್ಟ ನಿಯಮವಿಲ್ಲ, ದೊಡ್ಡವರೇ ಅದರಲ್ಲಿ ಎಡವುತ್ತಾರೆ.

ಒಂದು ಮಾತನ್ನು ಇಲ್ಲಿ ನೇರವಾಗಿಯೇ ಹೇಳಬೇಕು. ಆ ವಾಕ್ಯ ಹುಟ್ಟಿದ್ದು ನಿಮ್ಮ ಮಗನಲ್ಲಿ ಅಲ್ಲ. ಮಗು ಆಟದಲ್ಲಿ ಮುಳುಗಿದೆ, ಕೇಳಿಸಿಕೊಳ್ಳುತ್ತಿಲ್ಲ ಎಂಬ ನಮ್ಮ ಭಾವನೆ ಬಹಳ ಸಲ ತಪ್ಪು. ಸೂಸನ್ ಕ್ಯಾರಿ ಮತ್ತು ಎಲ್ಸಾ ಬಾರ್ಟ್ಲೆಟ್ 1978ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಮೂರು ನಾಲ್ಕು ವರ್ಷದ ಮಕ್ಕಳಿಗೆ ಹೊಸದೊಂದು ಬಣ್ಣದ ಹೆಸರನ್ನು ಪಾಠವಾಗಿ ಹೇಳಿಕೊಡದೆ, ಒಂದು ತಟ್ಟೆಯನ್ನು ತಂದುಕೊಡುವಂತೆ ಕೇಳುವಾಗ ಮಾತಿನ ನಡುವೆ ಸುಮ್ಮನೆ ಬಳಸಲಾಯಿತು. ಅಷ್ಟರಿಂದಲೇ ಅನೇಕ ಮಕ್ಕಳು ಅದು ಬಣ್ಣದ ಹೆಸರೆಂಬುದನ್ನು ಹಿಡಿದುಕೊಂಡಿದ್ದರು, ದಿನಗಳ ನಂತರವೂ ಅದರ ಜಾಡು ಅವರಲ್ಲಿ ಉಳಿದಿತ್ತು. ಅಪರಿಚಿತ ಪದವನ್ನೇ ಹೀಗೆ ಹಿಡಿಯುವ ಕಿವಿಗೆ ಅಮ್ಮ ಬೇಸರದಿಂದ ಆಡಿದ ಮಾತು ತಪ್ಪಿಹೋಗುವುದಿಲ್ಲ.

ಹೀಗಾದಾಗ ಅಲ್ಲಿಯೇ ಮಗುವನ್ನು ಗದರಿಸುವುದರಿಂದ, ಬಲವಂತವಾಗಿ ಕ್ಷಮೆ ಕೇಳಿಸುವುದರಿಂದ ಪ್ರಯೋಜನವಿಲ್ಲ. ಅವನಿಗೆ ತಪ್ಪು ಯಾವುದೆಂದು ತಿಳಿಯುವುದಿಲ್ಲ, ನಿಜ ಹೇಳಿದ್ದಕ್ಕೆ ಬೈಗುಳ ಬಿತ್ತು ಎಂಬುದಷ್ಟೇ ತಿಳಿಯುತ್ತದೆ. ಅತಿಥಿಯ ಜೊತೆ ನೀವೇ ಮಾತನಾಡಿ. ‘ಆ ದಿನ ಕೆಲಸದ ಒತ್ತಡದಲ್ಲಿ ಹಾಗೆ ಅಂದಿದ್ದೆ, ನಿಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ’ ಎಂಬ ಒಂದು ಪ್ರಾಮಾಣಿಕ ಮಾತು, ‘ಇವನು ಏನೇನೋ ಹೇಳುತ್ತಾನೆ’ ಎಂದು ಮಗುವನ್ನು ಸುಳ್ಳುಗಾರನನ್ನಾಗಿ ಮಾಡುವುದಕ್ಕಿಂತ ಎಷ್ಟೋ ಮೇಲು. ಆಮೇಲೆ ಅವನೊಬ್ಬನೇ ಇರುವಾಗ ಎರಡೇ ವಾಕ್ಯದಲ್ಲಿ ಹೇಳಿ: ‘ಯಾವಾಗ ಹೋಗ್ತೀರಿ ಅಂತ ಕೇಳಿದರೆ ಬಂದವರಿಗೆ ನಾವು ಬೇಡವೇನೋ ಅನ್ನಿಸುತ್ತದೆ. ನಿನಗೆ ಗೊತ್ತಾಗಬೇಕಿದ್ದರೆ ನನ್ನ ಕಿವಿಯಲ್ಲಿ ಕೇಳು.’ ಇದನ್ನು ಹಲವು ಸಲ ಹೇಳಬೇಕಾಗುತ್ತದೆ. ಯಾರದಾದರೂ ಮೈಬಣ್ಣ, ತೂಕ, ಕುಂಟುವ ನಡಿಗೆಯ ಬಗ್ಗೆ ಮಗು ಗಟ್ಟಿಯಾಗಿ ಕೇಳಿದಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಬಾಯಿ ಮುಚ್ಚಿಸಿದರೆ ಅದು ನಾಚಿಕೆಪಡಬೇಕಾದ ಸಂಗತಿ ಎಂದು ಮಗು ಕಲಿಯುತ್ತದೆ. ‘ಜನರು ಬೇರೆ ಬೇರೆ ಥರ ಇರುತ್ತಾರೆ, ಮನೆಗೆ ಹೋಗಿ ಮಾತಾಡೋಣ’ ಎಂದು ಸಹಜವಾಗಿ ಹೇಳಿ, ಮನೆಗೆ ಹೋದ ಮೇಲೆ ನಿಜವಾಗಿಯೂ ಮಾತನಾಡಬೇಕು.

ನಗುವ ಪ್ರಶ್ನೆ ಉಳಿಯಿತು. ನಗಬೇಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ನಗುವಿರಬೇಕು, ಮಕ್ಕಳೇ ಬೇಕೆಂದು ಮಾಡುವ ಹಾಸ್ಯಕ್ಕಂತೂ ಮನಸಾರೆ ನಗಬೇಕು. ಎರಡು ಮೂರು ವರ್ಷದ ಮಗು ಬೆಕ್ಕನ್ನು ತೋರಿಸಿ ‘ನಾಯಿ’ ಎಂದು ಹೇಳಿ ನಿಮ್ಮ ಮುಖ ನೋಡಿ ಕಿಲಕಿಲ ನಕ್ಕರೆ ಅದು ತಪ್ಪಲ್ಲ, ಹಾಸ್ಯ. ಮಕ್ಕಳ ಹಾಸ್ಯದ ಬೆಳವಣಿಗೆಯನ್ನು ವಿವರಿಸಿದ ಪಾಲ್ ಮೆಕ್‌ಗೀ ಎಂಬ ಮನೋವಿಜ್ಞಾನಿ, ವಸ್ತುಗಳಿಗೆ ಬೇಕೆಂದೇ ತಪ್ಪು ಹೆಸರಿಡುವುದನ್ನು ಅದರ ಒಂದು ಮುಖ್ಯ ಹಂತವೆಂದು ಗುರುತಿಸಿದ್ದಾರೆ. ವ್ಯತ್ಯಾಸ ತಿಳಿಯುವುದು ಸುಲಭ. ಮಗು ಹಾಸ್ಯ ಮಾಡುತ್ತಿದ್ದರೆ ಮೊದಲು ಅದರ ಕಣ್ಣು ನಗುತ್ತದೆ. ಅದರ ಮುಖ ಗಂಭೀರವಾಗಿದ್ದರೆ ಅದು ನಿಮಗೆ ಏನನ್ನೋ ತಿಳಿಸುತ್ತಿದೆ, ಇಲ್ಲವೆ ಕೇಳುತ್ತಿದೆ. ಆಗ ಮೊದಲು ಉತ್ತರ ಬರಲಿ, ನಗು ಆಮೇಲೆ ಬರಲಿ. ತಡೆಯಲಾರದೆ ನಗು ಬಂದೇಬಿಟ್ಟರೆ ‘ನಿನ್ನ ಮಾತು ನನಗೆ ತುಂಬಾ ಖುಷಿ ಕೊಟ್ಟಿತು, ಅದಕ್ಕೇ ನಕ್ಕೆ’ ಎಂದು ಕಾರಣ ಹೇಳಿ. ಸುಮಾರು ಮೂರು ವರ್ಷದ ಹೊತ್ತಿಗೆ ಮಕ್ಕಳಲ್ಲಿ ಹೆಮ್ಮೆ, ಅವಮಾನದಂಥ ಭಾವನೆಗಳು ಮೂಡಿರುತ್ತವೆ, ಹತ್ತು ಜನ ಒಟ್ಟಿಗೆ ನಕ್ಕಾಗ ಅವರು ಏಕೆ ನಕ್ಕರೆಂಬುದು ತಿಳಿಯದ ಮಗುವಿಗೆ ನಿಜವಾಗಿಯೂ ನೋವಾಗುತ್ತದೆ. ನಿಮ್ಮ ಮಗ ಸಿಟ್ಟಾಗುವುದು ಬೆಳವಣಿಗೆಯ ಲಕ್ಷಣವೇ. ‘ಇಷ್ಟಕ್ಕೆಲ್ಲ ಅಳ್ತಾರಾ’ ಎಂದು ಅದಕ್ಕೂ ನಗುವುದು ಮಾತ್ರ ನನಗೆ ಕ್ರೌರ್ಯವೆನಿಸುತ್ತದೆ.

ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣ ಇನ್ನೂ ಸರಳ. ಆ ಮಾತಿಗೆ ಎಲ್ಲರ ಗಮನ ಸಿಕ್ಕಿತು, ಮತ್ತೆ ಬೇಕೆನಿಸಿತು. ಬಂದವರ ಮುಂದೆ ನಿಲ್ಲಿಸಿ ‘ಅವತ್ತು ಏನಂದೆ, ಹೇಳು’ ಎಂದು ಆಡಿಸುವುದನ್ನು ಮನೆಯವರೆಲ್ಲರೂ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಇದು ಕಡಿಮೆಯಾಗುತ್ತದೆ. ಅವನು ಮಾತಾಡದೆ ಏನನ್ನೋ ಕಟ್ಟುತ್ತ, ಬರೆಯುತ್ತ ಕುಳಿತಿರುವಾಗಲೂ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ನಿಮ್ಮ ಪತ್ರದಲ್ಲಿ ಆತಂಕಪಡುವಂಥದ್ದು ನನಗೆ ಏನೂ ಕಾಣಲಿಲ್ಲ. ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸದಿರುವುದು, ನಾಲ್ಕರ ಹೊತ್ತಿಗೂ ಹೊರಗಿನವರಿಗೆ ಮಾತು ಬಹುಪಾಲು ಅರ್ಥವಾಗದಿರುವುದು, ಕರೆದರೆ ಕೇಳಿಸದಂತಿರುವುದು, ತನ್ನ ಮಾತಿಲ್ಲದೆ ಬರೀ ಕೇಳಿದ್ದನ್ನೇ ಪುನರುಚ್ಚರಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಯಾವ ವಯಸ್ಸಿನಲ್ಲೇ ಆಗಲಿ ಬಂದಿದ್ದ ಮಾತು ಹೋಗಿಬಿಡುವುದು, ಇವುಗಳಲ್ಲಿ ಯಾವುದಾದರೂ ಇದ್ದಿದ್ದರೆ ಮಕ್ಕಳ ವೈದ್ಯರನ್ನೂ ವಾಕ್ ಮತ್ತು ಶ್ರವಣ ತಜ್ಞರನ್ನೂ ತಡಮಾಡದೆ ಕಾಣಿ ಎನ್ನುತ್ತಿದ್ದೆ.

ವಿಡಿಯೊಗಳ ಬದಲು, ಅಥವಾ ಅವುಗಳ ಜೊತೆಗಾದರೂ, ಒಂದು ಪುಸ್ತಕ ಇಟ್ಟುಕೊಂಡು ಬರೆಯಿರಿ. ಚಾರ್ಲ್ಸ್ ಡಾರ್ವಿನ್ ತಮ್ಮ ಮೊದಲ ಮಗನ ಬೆಳವಣಿಗೆಯನ್ನು ಹೀಗೆಯೇ ಬರೆದಿಟ್ಟು ಆ ಟಿಪ್ಪಣಿಗಳ ಆಧಾರದಿಂದ 1877ರಲ್ಲಿ ಲೇಖನ ಪ್ರಕಟಿಸಿದರು. ಒಂದು ವರ್ಷದ ಆ ಮಗು ಆಹಾರಕ್ಕೆ ‘ಮಮ್’ ಎಂಬ ಪದವನ್ನು ತಾನೇ ಸೃಷ್ಟಿಸಿಕೊಂಡದ್ದು ಅದರಲ್ಲಿದೆ. ಜರ್ಮನಿಯ ಕ್ಲಾರಾ ಮತ್ತು ವಿಲಿಯಂ ಸ್ಟರ್ನ್ ದಂಪತಿ 1900ರಿಂದ ಸುಮಾರು ಹದಿನೆಂಟು ವರ್ಷ ತಮ್ಮ ಮೂವರು ಮಕ್ಕಳ ಬಗ್ಗೆ ದಿನಚರಿ ಬರೆದರು, ಮಕ್ಕಳ ಭಾಷೆಯ ಅಧ್ಯಯನಕ್ಕೆ ಅದು ಇಂದಿಗೂ ಆಕರವಾಗಿದೆ. ದಿನಾಂಕ, ಮಗುವಿನ ವಯಸ್ಸು, ಅದು ಆಡಿದ ಮಾತು ಆಡಿದ ಹಾಗೆಯೇ, ಅದಕ್ಕೆ ಮೊದಲು ಏನು ನಡೆದಿತ್ತು ಎಂಬುದು, ಇಷ್ಟು ಸಾಕು. ಮೊದಲು ನಡೆದದ್ದನ್ನು ಬರೆಯದಿದ್ದರೆ ಯೋಚನೆಯ ಹಾದಿ ಕಳೆದುಹೋಗಿ ನಗೆಮಾತು ಮಾತ್ರ ಉಳಿಯುತ್ತದೆ. ದೊಡ್ಡವರಾದ ಮೇಲೆ ಮೂರು ಮೂರೂವರೆ ವರ್ಷಕ್ಕಿಂತ ಹಿಂದಿನದು ಬಹುತೇಕ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ಆ ಕಾಲದ ಅವನ ಮಾತುಗಳು ಅವನಿಗೆ ಮುಂದೆ ದೊರೆಯಬೇಕಾದರೆ ನಿಮ್ಮ ಬರವಣಿಗೆಯಿಂದಲೇ ದೊರೆಯಬೇಕು.

ವಿಡಿಯೊಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ. ಅಜ್ಜ ಅಜ್ಜಿಯರಿಗೆ ಕಳುಹಿಸಿದ ವಿಡಿಯೊ ಅವರಲ್ಲೇ ನಿಲ್ಲುತ್ತದೆ ಎಂಬ ಭರವಸೆಯಿಲ್ಲ, ಒಮ್ಮೆ ಕೈಬಿಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ. ಅಳುವಾಗ, ಹೆದರಿದಾಗ, ಸ್ನಾನದ ಹೊತ್ತಿನಲ್ಲಿ ತೆಗೆದದ್ದನ್ನು ಯಾರಿಗೂ ಕಳುಹಿಸಬೇಡಿ. ಮದುವೆಯ ಫೋಟೊ ನೋಡಿ ಅತ್ತದ್ದರ ವಿಡಿಯೊ ಹೊರಗೆ ಹೋಗಿದ್ದರೆ ಅಳಿಸುವಂತೆ ಪಡೆದವರನ್ನು ಕೇಳಿಕೊಳ್ಳಿ. ಉಳಿದವುಗಳನ್ನು ಕಳುಹಿಸುವ ಮೊದಲು ನಿಮ್ಮ ಮಗನಿಗೆ ತೋರಿಸಿ, ‘ಇದನ್ನು ಅಜ್ಜಿಗೆ ಕಳಿಸಲಾ?’ ಎಂದು ಕೇಳಿ. ಆ ಪ್ರಶ್ನೆ ನಾಲ್ಕು ವರ್ಷದವನಿಗೆ ಅರ್ಥವಾಗುತ್ತದೆ. ಬೇಡ ಎಂದರೆ ಕಳುಹಿಸಬೇಡಿ.